ಟೀಕೆಗೆ ಗುರಿಯಾದ ಜನರಲ್‌ಗೆ ಇತಿಹಾಸಕಾರರು ಪತ್ರ ಬರೆಯುವ ಬಗೆ

ಯುದ್ಧಕಾಲದ ಒಂದು ನಿರ್ಧಾರಕ್ಕಾಗಿ ವರ್ಷಗಟ್ಟಲೆ ಟೀಕೆ ಎದುರಿಸಿದ ಜನರಲ್ ಒಬ್ಬರಿಗೆ ಪತ್ರ ಬರೆಯುವ ಮುನ್ನ ಆ ದಿನಗಳ ಆದೇಶಗಳು, ಸಂದೇಶಗಳು ಮತ್ತು ತುಕಡಿಗಳ ಯುದ್ಧ ದಿನಚರಿಗಳನ್ನು ಓದಿ ಮುಗಿಸಿರಬೇಕು. ಕಡತದಲ್ಲಿ ಸಿಗುವುದನ್ನೇ ಕೇಳಿದರೆ ನಿಮ್ಮ ಸಿದ್ಧತೆ ಸಾಲದೆಂಬುದು ಅವರಿಗೆ ಮೊದಲ ಪುಟದಲ್ಲೇ ತಿಳಿದುಬಿಡುತ್ತದೆ. ಕೇಳಬೇಕಾದದ್ದು ಕಡತ ಹೇಳದೆ ಬಿಟ್ಟದ್ದನ್ನು.

ಪ್ರಶ್ನೆಯ ರೂಪದ ಮೇಲೆ ಹೆಚ್ಚಿನ ಶ್ರಮ ವಹಿಸಿ. 1918ರ ಮಾರ್ಚ್ 21ರಂದು ಜರ್ಮನ್ ದಾಳಿಗೆ ಸಿಕ್ಕಿ ಹಿಮ್ಮೆಟ್ಟಿದ ಬ್ರಿಟಿಷ್ ಐದನೆಯ ಸೇನೆಯ ಮುಖ್ಯಸ್ಥ ಹ್ಯೂಬರ್ಟ್ ಗಫ್ ಅವರನ್ನು ಒಂದು ವಾರದಲ್ಲೇ ಹುದ್ದೆಯಿಂದ ಸರಿಸಲಾಯಿತು. ಅಂಥವರನ್ನು ‘ಏಕೆ ಹಿಮ್ಮೆಟ್ಟಿದಿರಿ’ ಎಂದು ಕೇಳುವುದು ಆರೋಪಪಟ್ಟಿ ಓದಿದಂತಾಗುತ್ತದೆ. ಹಲವು ಬಾರಿ ಹೇಳಿ ನಯಗೊಂಡ ಸಮರ್ಥನೆಯೇ ಉತ್ತರವಾಗಿ ಬರುತ್ತದೆ. ಅದರ ಬದಲು, ಫ್ರೆಂಚರಿಂದ ವಹಿಸಿಕೊಂಡ ಭಾಗವೂ ಸೇರಿ ಸುಮಾರು 42 ಮೈಲಿ ಮುಂಚೂಣಿ ಅವರ ಪಾಲಿಗೆ ಬಂದಾಗ ಮೀಸಲು ಪಡೆಯ ಕೊರತೆಯನ್ನು ಮೇಲಧಿಕಾರಿಗಳಿಗೆ ಹೇಗೆ ತಿಳಿಸಿದರು, ಅಂದಿನ ಬೆಳಗಿನ ದಟ್ಟ ಮಂಜಿನಲ್ಲಿ ಮುಂದಿನ ಠಾಣೆಗಳು ಬಿದ್ದ ಸುದ್ದಿ ಅವರಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಕೇಳಬೇಕು. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಯಾವುದು, ನಂತರ ತಿಳಿದದ್ದು ಯಾವುದು ಎಂಬ ಗೆರೆ ಇಂಥ ಪ್ರಶ್ನೆಗಳಿಂದ ಮಾತ್ರ ಸ್ಪಷ್ಟವಾಗುತ್ತದೆ.

ಗೌರವದಿಂದ ಬರೆಯಿರಿ, ಆದರೆ ತೀರ್ಪು ನಿಮ್ಮದೇ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿ. 1916ರ ಜುಲೈ 1ರ ಒಂದೇ ದಿನ ಸೊಮ್ ರಣಾಂಗಣದಲ್ಲಿ ಬ್ರಿಟಿಷ್ ಸೇನೆ ಕಂಡ ಸಾವುನೋವು 57,470. ಅದರಲ್ಲಿ ಸತ್ತವರು 19,240. ಇಂಥ ಲೆಕ್ಕ ಕಣ್ಣಮುಂದಿರುವಾಗ ಸೌಜನ್ಯದ ಹೆಸರಿನಲ್ಲಿ ಪ್ರಶ್ನೆಯನ್ನು ಮೆತ್ತಗಾಗಿಸುವುದು ಸಲ್ಲದೆಂದೇ ನನ್ನ ದೃಢವಾದ ಅಭಿಪ್ರಾಯ.

ಅಧ್ಯಾಯ ಸಿದ್ಧವಾದಾಗ ಸಂಬಂಧಪಟ್ಟ ಭಾಗದ ಕರಡನ್ನು ಅವರಿಗೆ ಕಳುಹಿಸಿ. ಮೊದಲ ಮಹಾಯುದ್ಧದ ಬ್ರಿಟಿಷ್ ಅಧಿಕೃತ ಇತಿಹಾಸವನ್ನು ಸಿದ್ಧಪಡಿಸಿದ ಜೇಮ್ಸ್ ಎಡ್ಮಂಡ್ಸ್ ಇದೇ ಕ್ರಮವನ್ನು ಅನುಸರಿಸಿದ್ದರು. ಕಾದಾಟದಲ್ಲಿದ್ದ ಅಧಿಕಾರಿಗಳಿಂದ ಬಂದ ಉತ್ತರಗಳು ಇಂದಿಗೂ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ ಜನರಲ್ ಒಬ್ಬರಿಗೇ ಕರಡು ತೋರಿಸಿ ನಿಲ್ಲಬಾರದು. ಅವರ ಆದೇಶವನ್ನು ಪಾಲಿಸಬೇಕಾಗಿ ಬಂದ ಬೆಟಾಲಿಯನ್ ಅಧಿಕಾರಿಗೂ, ಅದನ್ನು ಬರೆದು ರವಾನಿಸಿದ ಸಿಬ್ಬಂದಿ ಅಧಿಕಾರಿಗೂ ಅದೇ ಪುಟಗಳು ಹೋಗಬೇಕು.

ಉತ್ತರ ಬಂದಾಗ ಹೇಳಿಕೆಗಳನ್ನು ಒಂದೊಂದಾಗಿ ಬಿಡಿಸಿ ದಿನಚರಿಯ ದಿನಾಂಕ ಮತ್ತು ಸಮಯದೊಂದಿಗೆ ಹೋಲಿಸಿ. ಹೊಂದದ್ದನ್ನು ಸುಳ್ಳೆಂದು ತಳ್ಳಿಹಾಕುವ ಆತುರ ಬೇಡ. ದಿನಚರಿಯನ್ನೂ ಎಷ್ಟೋ ಸಲ ಕಾದಾಟ ಮುಗಿದ ಮೇಲೆ ದಣಿದ ಕೈಯೊಂದು ಬರೆದಿರುತ್ತದೆ. ಭೇದ ಉಳಿದರೆ ಎರಡನ್ನೂ ಮುದ್ರಿಸಿ. ಉಲ್ಲೇಖಕ್ಕೆ ಲಿಖಿತ ಅನುಮತಿ ಪಡೆಯಿರಿ. ಅವರ ಉತ್ತರದ ಜೊತೆಗೆ ನಿಮ್ಮ ಪತ್ರದ ಪ್ರತಿಯನ್ನೂ ಕಡತದಲ್ಲಿ ಇಡಿ. ಯಾವ ಪ್ರಶ್ನೆಗೆ ಬಂದ ಮಾತು ಅದೆಂದು ಮುಂದಿನ ಸಂಶೋಧಕರಿಗೆ ತಿಳಿಯಬೇಕು.