ಮಳೆಗಾಲದಲ್ಲಿ ಕಾರಿನ ಶೆಡ್ಡು ಒಣಗಿರಬೇಕಾದರೆ

ಮಲೆನಾಡು, ಕರಾವಳಿ ಕಡೆ ಹಳೆಯ ಕಾರನ್ನು ಮಾರದೆ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಅಪ್ಪನ ಕಾಲದ ಅಂಬಾಸಿಡರ್, ಮೊದಲ ಸಂಪಾದನೆಯಲ್ಲಿ ಕೊಂಡ ಮಾರುತಿ 800, ತೋಟಕ್ಕೆ ಓಡಾಡಿದ ಜೀಪು. ಜೂನ್ ಮೊದಲ ವಾರ ಶೆಡ್ಡಿಗೆ ಹಾಕಿ ಬಾಗಿಲು ಎಳೆದರೆ ತೆಗೆಯುವುದು ದಸರೆಗೇ. ಆಗ ನೋಡಿದರೆ ಸೀಟಿನ ಮೇಲೆ ಬೂಷ್ಟು, ಡೋರಿನ ಅಡಿಯಲ್ಲಿ ತುಕ್ಕು, ಹ್ಯಾಂಡ್‌ಬ್ರೇಕ್ ಕಚ್ಚಿಕೊಂಡಿರುತ್ತದೆ. "ಮಾಡು ಒಂದು ಹನಿ ಸೋರಿಲ್ಲ ಮಾರಾಯ್ರೇ, ಆದ್ರೂ ಹೀಗಾಯ್ತು" ಅನ್ನುತ್ತಾರೆ.

ಸೋರದಿದ್ದರೆ ಸಾಕು ಅನ್ನುವುದೇ ತಪ್ಪು ಲೆಕ್ಕ. ಗಾಳಿಯ ತೇವಾಂಶ ಶೇ 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಜುಲೈಯಲ್ಲಿ ನಮ್ಮ ಕಡೆ ಅದು ಶೇ 90 ದಾಟುವುದು ಮಾಮೂಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ, ಮಂಗಳೂರಿನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಶೆಡ್ಡಿನೊಳಗಿರುವ ಕಾರಿಗೆ ಎರಡೂ ಒಂದೇ. ಕಡಲ ಹತ್ತಿರ ಉಪ್ಪಿನ ಗಾಳಿಯ ಕಾಟವೂ ಸೇರುತ್ತದೆ, ಅಷ್ಟೇ.

1. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ

ಶೆಡ್ಡಿಗೆ ನೀರು ಬರುವುದು ಮೂರು ದಾರಿಯಲ್ಲಿ. ಮೇಲಿನಿಂದ ಸೋರಿ ಅಥವಾ ಇರಚಲು ಹೊಡೆದು, ಕೆಳಗಿನಿಂದ ನೆಲ ಒಸರಿ, ಇಲ್ಲವೇ ಗಾಳಿಯ ಜೊತೆ. ಯಾವುದು ಅಂತ ತಿಳಿಯದೆ ದುಡ್ಡು ಸುರಿಯಬೇಡಿ. ನೆಲ ಒಸರುವ ಶೆಡ್ಡಿಗೆ ಮಾಡು ಬದಲಾಯಿಸಿದವರನ್ನು ನೋಡಿದ್ದೇನೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ನೆಲ ಒರೆಸಿ, ಹಾಳೆ ಹಾಸಿ, ನಾಲ್ಕೂ ಅಂಚಿಗೆ ಸಂದಿಯಿಲ್ಲದಂತೆ ಟೇಪು ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಕೆಳಗೆ ಹನಿ ಕೂತಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ನೀರು ನೆಲದಿಂದ ಬರುತ್ತಿದೆ. ಹಾಳೆಯ ಮೇಲೆ ಹನಿ ಇದ್ದರೆ ಗಾಳಿಯಿಂದ. ಎರಡೂ ಕಡೆ ಇದ್ದರೆ ಎರಡೂ. ಗೋಡೆಗೂ ಹೀಗೇ ಮಾಡಬಹುದು. ಆದರೆ ಇದನ್ನು ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಮಾಡಬೇಕು. ಏಪ್ರಿಲ್‌ನಲ್ಲಿ ಮಾಡಿದರೆ ಎಲ್ಲ ಶೆಡ್ಡೂ ಪಾಸಾಗುತ್ತದೆ.

2. ಮಾಡು ಮತ್ತು ಇರಚಲು

ಶೀಟಿನ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಒಡೆದಿರುತ್ತದೆ, ಮೇ ತಿಂಗಳಲ್ಲಿ ಬದಲಾಯಿಸಿ. ಒಡೆದ ಹೆಂಚು ತೆಗೆಯಿರಿ. ಗಾಳಿ ಹೊಡೆಯುವ ಕಡೆ ಮಾಡು ಎರಡೂವರೆ ಅಡಿಯಾದರೂ ಹೊರಚಾಚಿರಲಿ. ಅಷ್ಟಿಲ್ಲದಿದ್ದರೆ ಹಿಂದಿನವರ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಈಗಲೂ ಅದಕ್ಕಿಂತ ಒಳ್ಳೆಯದು ಇಲ್ಲ. ಬಾಗಿಲ ಹೊಸ್ತಿಲು ಎರಡು ಇಂಚು ಎತ್ತರಿಸಿ. ಇಷ್ಟು ಸಾಕು.

3. ಧರೆಯ ನೀರು ಮತ್ತು ನೆಲ

ನಮ್ಮಲ್ಲಿ ಶೆಡ್ಡು ಕಟ್ಟುವುದು ಗುಡ್ಡ ಕಡಿದು ಸಮತಟ್ಟು ಮಾಡಿ. ಹಿಂದೆ ಧರೆ, ಅಂದರೆ ಕಡಿದ ಗುಡ್ಡದ ಕಡಿದಾದ ಬದಿ, ಮುಂದೆ ಅಂಗಳ. ಧರೆಯಿಂದ ಇಳಿಯುವ ನೀರು ಗೋಡೆಯ ಬುಡಕ್ಕೆ ಬಂದು ನೆಲದಡಿ ಹೋಗುತ್ತದೆ. ಮೇಲಿನ ಚರಂಡಿ ಎಷ್ಟು ಚೊಕ್ಕಟ ಇದ್ದರೂ ಈ ಒಳನೀರು ನಿಲ್ಲುವುದಿಲ್ಲ. ನೆಲದ ಮಟ್ಟಕ್ಕಿಂತ ಎರಡು ಅಡಿ ಆಳಕ್ಕೆ, ಗೋಡೆಗೂ ಧರೆಗೂ ನಡುವೆ ಕಾಲುವೆ ತೋಡಬೇಕು. ಅದಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ, ಸ್ವಲ್ಪ ಜಲ್ಲಿ ಸುರಿದು, ತೂತು ಕೊರೆದ 4 ಇಂಚಿನ ಪಿವಿಸಿ ಪೈಪು ಇಡಿ. ತೂತು ಕೆಳಮುಖವಾಗಿರಲಿ. ಮೇಲೆ ಮತ್ತೆ ಜಲ್ಲಿ ತುಂಬಿ ಬಟ್ಟೆ ಮಡಚಿ ಮುಚ್ಚಿ. ಪ್ರತಿ 8 ಅಡಿಗೆ 1 ಇಂಚು ಇಳಿಜಾರು ಸಾಕು. ಪೈಪಿನ ಬಾಯಿ ತೋಟದ ಕಡೆ ಬಯಲಿಗೆ ತೆರೆದಿರಬೇಕು.

ಬಟ್ಟೆ ಬೇಡ ಅಂತ ಕೆಲಸದವರು ಹೇಳುತ್ತಾರೆ, ಕೇಳಬೇಡಿ. ಬಟ್ಟೆ ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಜಲ್ಲಿಯ ಸಂದಿಗೆ ಇಳಿದು ಪೈಪು ಕಟ್ಟಿಕೊಳ್ಳುತ್ತದೆ. ಇನ್ನೊಂದು ಮಾತು. ಧರೆಯ ಬುಡವನ್ನು ಮಳೆಗಾಲದಲ್ಲಿ ಅಗೆಯಲೇಬೇಡಿ. ಕುಸಿದರೆ ಶೆಡ್ಡೂ ಇಲ್ಲ, ಕಾರೂ ಇಲ್ಲ, ಅಗೆಯುವವರ ಜೀವಕ್ಕೇ ಅಪಾಯ.

ಒಳಗಿನ ಗೋಡೆಗೆ ವಾಟರ್‌ಪ್ರೂಫ್ ಪೇಂಟು ಬಳಿದು ಕೈತೊಳೆದುಕೊಳ್ಳುವುದು ಎಲ್ಲರಿಗೂ ಇಷ್ಟದ ಅಡ್ಡದಾರಿ. ಜಂಬಿಟ್ಟಿಗೆ ಕಲ್ಲು ನೀರು ಕುಡಿಯುತ್ತದೆ. ಆಚೆಯಿಂದ ನೀರು ತಳ್ಳುತ್ತಿರುವಾಗ ಈಚೆ ಬಳಿದ ಪೇಂಟು ಗುಳ್ಳೆ ಎದ್ದು ಉದುರುತ್ತದೆ. ಬಳಿಯುವುದಾದರೆ ಹೊರಗಡೆಗೆ ಬಳಿಯಿರಿ.

ಕಾಲುವೆ ಮಾಡಿದ ಮೇಲೂ ನೆಲ ಒಸರಿದರೆ ಹಳೆಯ ನೆಲದ ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಸಿ ಹೊಸ ಕಾಂಕ್ರೀಟು ಹಾಕಿಸಿ. ಜೋಡಣೆಯಲ್ಲಿ ಒಂದು ಹಾಳೆ ಇನ್ನೊಂದರ ಮೇಲೆ ಒಂದು ಅಡಿ ಬರಬೇಕು, ಗೋಡೆ ಹತ್ತಿರ ಮೇಲಕ್ಕೆ ಮಡಚಬೇಕು. ಈ ಕೆಲಸ ಜನವರಿಯಲ್ಲೇ ಮುಗಿಯಲಿ. ಕಾಂಕ್ರೀಟು ಪೂರ್ತಿ ಒಣಗಲು ಇಂಚಿಗೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಮೇಯಲ್ಲಿ ನಾಲ್ಕು ಇಂಚು ಹಾಕಿಸಿ ಜೂನ್‌ನಲ್ಲಿ ಕಾರು ನಿಲ್ಲಿಸಿದರೆ ಆ ನೆಲವೇ ಮಳೆಗಾಲವಿಡೀ ಶೆಡ್ಡಿಗೆ ತೇವ ಬಿಡುತ್ತಿರುತ್ತದೆ.

ಈ ವರ್ಷಕ್ಕೆ ಅಷ್ಟೆಲ್ಲ ಆಗುವುದಿಲ್ಲ ಅನ್ನುವವರು ಅಡಿಕೆ ಒಣಗಿಸುವ ಸಿಲ್ಪಾಲಿನ್ ಶೀಟನ್ನೇ ಗೋಡೆಯಿಂದ ಗೋಡೆಗೆ ಹಾಸಿ, ಅಂಚಿಗೆ ಇಟ್ಟಿಗೆ ಇಡಿ. ಚಕ್ರದ ಅಡಿಗೆ ಹಲಗೆ ಕೊಡಿ. ಬರೀ ಕಾರಿನ ಅಡಿಗಷ್ಟೇ ಹಾಸಿದರೆ ಸುತ್ತಲ ನೆಲದಿಂದ ತೇವ ಏಳುತ್ತಲೇ ಇರುತ್ತದೆ.

4. ಬಾಗಿಲು ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ದಿನ ಜಡಿಮಳೆ ಹೊಡೆದು ಒಂದು ಮಧ್ಯಾಹ್ನ ಹೊಳವಾಗುತ್ತದೆ. ಬಿಸಿಲು ಬಂತು, ಗಾಳಿಯಾಡಲಿ ಅಂತ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಡುತ್ತೀರಿ. ಒಂದು ಗಂಟೆ ಬಿಟ್ಟು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಸೈಲೆನ್ಸರ್ ಪೈಪಿನ ಮೇಲೆ, ಚಾಸಿಯ ಮೇಲೆ ಸಣ್ಣ ಸಣ್ಣ ಹನಿ ಸಾಲಾಗಿ ಕೂತಿರುತ್ತದೆ. ನೆಲ ಬೆವೆತಿರುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬಿನ ಹೊರಗೆ ನೀರು ಕೂರುತ್ತದಲ್ವಾ, ಅದೇ ಇದು.

ಲೆಕ್ಕ ಹೀಗೆ. ಹೊರಗಿನ ಗಾಳಿ 27 ಡಿಗ್ರಿ ಇದ್ದು ತೇವಾಂಶ ಶೇ 85 ಇದ್ದರೆ, 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತು ಮುಟ್ಟಿದರೂ ಅದು ನೀರು ಬಿಡುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ನೆಲ, ಅದರ ಮೇಲೆ ನಿಂತ ಕಬ್ಬಿಣ 22, 23 ಡಿಗ್ರಿಯಲ್ಲಿರುತ್ತವೆ. ಒಳಗೆ ಬಂದ ಬೆಚ್ಚನೆ ಗಾಳಿ ಕಾರನ್ನು ಒಣಗಿಸುವುದಿಲ್ಲ, ತೋಯಿಸುತ್ತದೆ.

ಆದ್ದರಿಂದ ನಿಯಮ ಒಂದೇ. ಹೊರಗೆ ಒಳಗಿಗಿಂತ ತಣ್ಣಗಿದ್ದರೆ ತೆಗೆಯಿರಿ, ಬೆಚ್ಚಗಿದ್ದರೆ ಹಾಕಿ. ತಣ್ಣನೆ ಗಾಳಿ ಒಳಗೆ ಬಂದು ಬೆಚ್ಚಗಾದಾಗ ತೇವ ಹೀರುತ್ತದೆ. ಮಳೆಗಾಲದಲ್ಲಿ ಇದು ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ. ಆ ಹೊತ್ತಿಗೆ ಬಾಗಿಲು ತೆಗೆಯುವವರು ಯಾರು? ಅದಕ್ಕೇ ನಾನು ಹೇಳುವುದು: ನೆಲಮಟ್ಟದಲ್ಲಿ ಒಂದು, ಎದುರು ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ ಇಡಿಸಿ. ಇಲಿ ಬರದಂತೆ ಸಣ್ಣ ಕಣ್ಣಿನ ಜಾಲರಿ ಹೊಡೆಯಿರಿ, ಮುಚ್ಚಲು ಹಲಗೆ ಇರಲಿ. ಮೇಲಿನ ಕಿಂಡಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಟೈಮರ್ ಹಾಕಿದರೆ ಬೆಳಗಿನ ಜಾವ ತಾನೇ ಓಡುತ್ತದೆ.

ಒಳಗೊಂದು ಹೊರಗೊಂದು ಡಿಜಿಟಲ್ ತೇವಾಂಶ ಮಾಪಕ ಇಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ತಾಪಮಾನವನ್ನೂ ತೋರಿಸುತ್ತದೆ. ಒಳಗಿನದನ್ನು ನೆಲದಿಂದ ಒಂದಡಿ ಎತ್ತರಕ್ಕೆ, ಕಾರಿನ ಪಕ್ಕ ಇಡಿ. ಗೋಡೆಯ ಮೇಲೆ ಎತ್ತರದಲ್ಲಿ ನೇತುಹಾಕಿದರೆ ಕಾರಿನ ಅಡಿಯ ಸ್ಥಿತಿ ಗೊತ್ತಾಗುವುದಿಲ್ಲ.

ಬೆಲೆಬಾಳುವ ಕಾರಾದರೆ ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್ ಕೊಳ್ಳಿ. ಆದರೆ ಕಿಂಡಿ, ಶಟರ್ ಸಂದಿ ಎಲ್ಲ ಮುಚ್ಚಿದ ಮೇಲೆ. ತೆರೆದ ಶೆಡ್ಡಿನಲ್ಲಿ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಅದರ ಟ್ಯಾಂಕ್ ತುಂಬಿದರೆ ಯಂತ್ರ ನಿಲ್ಲುತ್ತದೆ, ಹಾಗಾಗಿ ಪೈಪು ಹಾಕಿ ನೀರು ಹೊರಗೆ ಬಿಡಿ. ಕರೆಂಟು ಹೋಗಿ ಬಂದಾಗ ತಾನೇ ಶುರುವಾಗುವ ಮಾದರಿಯನ್ನೇ ಕೇಳಿ ತನ್ನಿ. ನಮ್ಮೂರಲ್ಲಿ ಗಾಳಿಮಳೆಗೆ ಕರೆಂಟು ಇರುವುದು ಅಷ್ಟರಲ್ಲೇ ಇದೆ. ತೇವಾಂಶ 50ರಿಂದ 60ರ ನಡುವೆ ನಿಂತರೆ ಸಾಕು.

ಡಬ್ಬಿಯಲ್ಲಿ ಬರುವ ತೇವ ಹೀರುವ ಬಿಳಿ ಹರಳುಗಳನ್ನು ಶೆಡ್ಡಿನ ಮೂಲೆ ಮೂಲೆಗೆ ಇಡುವವರಿದ್ದಾರೆ. ಅದು ಕ್ಯಾಲ್ಸಿಯಂ ಕ್ಲೋರೈಡ್. ಬಟ್ಟೆ ಕಪಾಟಿಗೆ ಸರಿ, ಶೆಡ್ಡಿಗೆ ದಂಡ. ಇಲಿ ಹಾರಿ ಡಬ್ಬಿ ಮಗುಚಿತೋ, ಅದರ ನೀರು ಬಿದ್ದ ಕಬ್ಬಿಣ ತುಕ್ಕು ಹಿಡಿಯುವುದು ಖಂಡಿತ. ಕಾರಿನ ಒಳಗೆ ಇಡುವುದಾದರೆ ಸಿಲಿಕಾ ಜೆಲ್ ಇಟ್ಟು ಗಾಜು ಬಿಗಿಯಾಗಿ ಏರಿಸಿ.

5. ಕಾರು ಒಳಗೆ ಹೋಗುವ ಮುನ್ನ

ಒದ್ದೆ ಕಾರನ್ನು ಒಳಗೆ ತರಬೇಡಿ. ಅಡಿಭಾಗ ತೊಳೆದು, ಡೋರಿನ ಕೆಳಗಿನ ತೂತುಗಳ ಕೆಸರು ಕಡ್ಡಿಯಿಂದ ತೆಗೆದು, ಮೇ ಬಿಸಿಲಿನಲ್ಲಿ ಒಣಗಿಸಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿಯ ನೆಗೆಟಿವ್ ಕಳಚಿ. ಟ್ಯಾಂಕ್ ತುಂಬಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ಖಾಲಿ ಜಾಗ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಕವರು ಶೆಡ್ಡಿನೊಳಗೆ ಬೇಡವೇ ಬೇಡ. ಒಳಗೆ ಸೇರಿದ ತೇವ ಹೊರಗೆ ಹೋಗುವುದಿಲ್ಲ, ಪೇಂಟು ಗುಳ್ಳೆ ಏಳುತ್ತದೆ. ಧೂಳಿಗೆ ತೆಳ್ಳನೆ ಹತ್ತಿ ಬಟ್ಟೆ ಸಾಕು.

"ವಾರಕ್ಕೊಮ್ಮೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ" ಅಂತ ಎಲ್ಲರೂ ಹೇಳುತ್ತಾರೆ. ಮಾಡಬೇಡಿ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಐದು ನಿಮಿಷದಲ್ಲಿ ಸೈಲೆನ್ಸರ್ ಕಾಯುವುದಿಲ್ಲ, ಆ ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೂ ಅಪಾಯ. ಹೊಳವಾದ ದಿನ 15 ಕಿ.ಮೀ. ಓಡಿಸಿ, ಆಗದಿದ್ದರೆ ಮುಟ್ಟಲೇಬೇಡಿ.

ಇನ್ನು ಶೆಡ್ಡಿನಲ್ಲಿ ಕಾರಿನ ಜೊತೆ ಏನೇನಿದೆ ಅಂತ ನೋಡಿ. ತೋಟದ ಮನೆಗಳಲ್ಲಿ ಪೊಟ್ಯಾಷ್ ಚೀಲ, ಬ್ಲೀಚಿಂಗ್ ಪೌಡರ್, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಎಲ್ಲ ಅಲ್ಲೇ ಇರುತ್ತವೆ. ಮೂರೂ ಕಬ್ಬಿಣದ ಶತ್ರುಗಳು. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಸ್ಪ್ರೇ ಪಂಪು ಕೂಡ ಬೇರೆ ಕಡೆ ಹೋಗಲಿ. ಹಸಿ ಸೌದೆಯೂ ಅಷ್ಟೆ, ಅದು ಒಣಗುತ್ತಾ ಬಿಡುವ ನೀರೆಲ್ಲ ಶೆಡ್ಡಿನ ಗಾಳಿಗೇ ಸೇರುತ್ತದೆ.

ದಸರೆ ಹೊತ್ತಿಗೆ ಕಾರು ಹೊರಗೆ ತೆಗೆದಾಗ ನೆಲದ ಶೀಟನ್ನೂ ಎತ್ತಿ ನೋಡಿ. ಒದ್ದೆ ಇರುವ ಕಡೆ ಮೊಬೈಲಿನಲ್ಲಿ ಫೋಟೊ ತೆಗೆದು, ಅದೇ ನೇರಕ್ಕೆ ಗೋಡೆಯ ಮೇಲೆ ಪೇಂಟಿನಿಂದ ಗುರುತು ಹಾಕಿ. ಜನವರಿಯಲ್ಲಿ ಕಾಲುವೆ ತೋಡಲು ಬರುವವರಿಗೆ ಎಲ್ಲಿಂದ ಶುರುಮಾಡಬೇಕು ಅಂತ ತೋರಿಸಲು ಆಗುತ್ತದೆ. ಆಗ ನೆಲ ಒಣಗಿರುತ್ತದೆ, ಗುರುತಿಲ್ಲದಿದ್ದರೆ ಅಂದಾಜಿನ ಮೇಲೆ ಅಗೆಯಬೇಕಾಗುತ್ತದೆ.