ಮೂಲ ಟೇಪ್ ಇಲ್ಲದೆ ಬೀಟಲ್ಸ್ ಹಾಡು ಬಿಚ್ಚಿ ಹೊಸ ಆಲ್ಬಂ ಕಟ್ಟಿದ್ದು: ನನ್ನ ಅನುಭವ

"ಮಗಾ, ಮಾರ್ಟಿನ್ ಅಪ್ಪ-ಮಗನ ಹತ್ರ ಅಬ್ಬೆ ರೋಡ್ ಸ್ಟುಡಿಯೋದ ಮೂಲ ಟೇಪ್ ಇತ್ತು. ನಿನ್ನ ಹತ್ರ ಏನಿದೆ, ಹಳೇ ಲ್ಯಾಪ್‌ಟಾಪ್!" ಎರಡು ವರ್ಷದ ಹಿಂದೆ ಗೆಳೆಯ ಹೀಗಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದು 2006ರ ‘ಲವ್’ ಆಲ್ಬಂ ಬಗ್ಗೆ. ಲಾಸ್ ವೇಗಸ್ಸಿನ ಸರ್ಕಸ್ ಪ್ರದರ್ಶನಕ್ಕೆಂದು ಬೀಟಲ್ಸ್ ಹಾಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್, ಮಗ ಗೈಲ್ಸ್ ಸೇರಿ ಬೀಟಲ್ಸ್ ಹಾಡುಗಳನ್ನು ಕತ್ತರಿಸಿ, ಒಂದರ ಡ್ರಮ್ ಮೇಲೆ ಇನ್ನೊಂದರ ದನಿ ಕೂರಿಸಿ ಕಟ್ಟಿದ 26 ಟ್ರ್ಯಾಕ್. ನನ್ನದು 11 ಟ್ರ್ಯಾಕ್, ಸುಮಾರು 34 ನಿಮಿಷ. ಹೋದ ತಿಂಗಳು ಮುಗಿಯಿತು. ಅದೇ ಗೆಳೆಯ ಕಾರಿನಲ್ಲಿ ಎರಡು ಸಲ ಹಾಕಿಸಿಕೊಂಡು ಕೇಳಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ಪೂರ್ತಿ ದಂಡ. ಎಲ್ಲರ ಹಾಗೆ ನಾನೂ ಸ್ಪ್ಲೀಟರ್‌ನಿಂದ ಶುರು ಮಾಡಿದೆ, ಹಾಡಿನಿಂದ ದನಿ, ವಾದ್ಯ ಬೇರೆ ಮಾಡುವ ಸಾಫ್ಟ್‌ವೇರ್ ಅದು. ದನಿ ಬಕೆಟ್ ಒಳಗಿಂದ ಹಾಡಿದ ಹಾಗೆ ಬರುತ್ತಿತ್ತು. ಹನ್ನೊಂದು ಕಿಲೋಹರ್ಟ್ಸ್ ಮೇಲಿನ ಚೂಪು ಸದ್ದನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ ಅಂತ ಗೊತ್ತಾಗೋ ಹೊತ್ತಿಗೆ ಏಳೆಂಟು ಹಾಡು ಮಾಡಿ ಮುಗಿಸಿದ್ದೆ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಡೆಮಕ್ಸ್‌ಗೆ ಬಂದ ಮೇಲೆ ಎಷ್ಟೋ ವಾಸಿ. ಆದರೂ ಮೆಕಾರ್ಟ್ನಿ ಬೇಸ್‌ನಲ್ಲಿ ಮೇಲಿನ ಸ್ವರಕ್ಕೆ ಹೋದರೆ ಸಾಕು, ಅದು ಗಿಟಾರ್ ಜೊತೆ ಓಡಿಹೋಗುತ್ತಿತ್ತು.

ದಾರಿ ಸಿಕ್ಕಿದ್ದು ಸಾಫ್ಟ್‌ವೇರ್‌ನಿಂದ ಅಲ್ಲ, ಹಳೇ ಸ್ಟೀರಿಯೋ ಮಿಕ್ಸ್‌ನಿಂದ. 1965ರ ‘ರಬ್ಬರ್ ಸೋಲ್’ ಸ್ಟೀರಿಯೋದಲ್ಲಿ ಹೆಚ್ಚಿನ ಹಾಡುಗಳಿಗೆ ವಾದ್ಯ ಎಡಕ್ಕೆ, ದನಿ ಬಲಕ್ಕೆ. ಅಂದರೆ ಅರ್ಧ ಕೆಲಸ ಅವರೇ ಮಾಡಿಟ್ಟಿದ್ದಾರೆ, ಅಲ್ವಾ? ಹೆಡ್‌ಫೋನ್‌ನಲ್ಲಿ ಕೇಳಿ ಬೈದುಕೊಳ್ಳುವವರಿಗೆ ಅದರ ಬೆಲೆ ಗೊತ್ತಿಲ್ಲ. ಆದರೆ ನನ್ನ ಸಿಡಿ ಹಾಕಿ ನೋಡಿದರೆ ಎರಡೂ ಕಡೆ ಕಲಸುಮೇಲೋಗರ. ತಪ್ಪು ನನ್ನದೇ. ಸಿಡಿಗೆಂದು 1986ರಲ್ಲಿ ಜಾರ್ಜ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದ್ದರು, ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವುದು ಅದೇ. 1965ರದ್ದು ಸಿಡಿಯಲ್ಲಿ ಬೇಕೆಂದರೆ 2009ರ ಮೋನೋ ಬಾಕ್ಸ್ ಅನ್ನೋ ಬೀಟಲ್ಸ್ ಸಿಡಿ ಸೆಟ್ ಹುಡುಕಬೇಕು. ಮೋನೋ ಡಬ್ಬಿಯೊಳಗೆ ಸ್ಟೀರಿಯೋ! ಸೆಕೆಂಡ್ ಹ್ಯಾಂಡ್, ಕಸ್ಟಮ್ಸ್ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಅದಕ್ಕೂ ಮೊದಲು ದುಡ್ಡು ಉಳಿಸೋಣ ಅಂತ ಸಂಡೇ ಬಜಾರ್‌ನಲ್ಲಿ ನಾನೂರು ರೂಪಾಯಿಗೆ ಕೋಲ್ಕತ್ತದ ಡಮ್‌ಡಮ್‌ನಲ್ಲಿ ಒತ್ತಿದ ಹಳೇ ಎಲ್‌ಪಿ ತಂದಿದ್ದೆ. ಗೀರು ಪರವಾಗಿಲ್ಲ, ಆದರೆ ನನ್ನ ಪ್ಲೇಯರ್ ತಿರುಗುವಾಗ ಸ್ವರವೇ ತೂಗಾಡುತ್ತಿತ್ತು.

ಹಾಗಾಗಿ ಕ್ರಮ ಇದು: ಮೊದಲು ಎಡ-ಬಲ ಬೇರೆ ಮಾಡಿ, ಆಮೇಲೆ ಬರೀ ಬಲಗಡೆಯದನ್ನು ಡೆಮಕ್ಸ್‌ಗೆ ಕೊಡಿ. ‘ನೋವೇರ್ ಮ್ಯಾನ್’ ದನಿ ಹೀಗೆ ತೆಗೆದ ರಾತ್ರಿ ನಿದ್ದೆ ಬರಲಿಲ್ಲ. ಮೂರು ಜನರ ಉಸಿರು ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

ಆಮೇಲೆ ಲಯದ ಗೋಳು. ಆ ದನಿಯನ್ನು ‘ಟುಮಾರೋ ನೆವರ್ ನೋಸ್’ ಡ್ರಮ್ ಮೇಲೆ ಕೂರಿಸಬೇಕಿತ್ತು. ನನ್ನ ಅಳತೆಯಲ್ಲಿ ಮೊದಲನೆಯದು ನಿಮಿಷಕ್ಕೆ 121 ಪೆಟ್ಟಿನ ಆಸುಪಾಸು, ಎರಡನೆಯದು 126. ನಾನು ಮಾಡಿದ ಮೂರ್ಖತನ ಏನೆಂದರೆ ಡ್ರಮ್ ನುಡಿಸಿದ ರಿಂಗೋನನ್ನೇ ಸಾಫ್ಟ್‌ವೇರಿನ ಸಮ ಗೆರೆಗಳಿಗೆ (ಗ್ರಿಡ್‌ಗೆ) ಎಳೆದು ಕಟ್ಟಿದ್ದು. ಪ್ರತಿ ಪೆಟ್ಟೂ ಗೆರೆ ಮೇಲೆ, ಜೀವವೇ ಇಲ್ಲ, ಮದುವೆ ಮನೆಯ ಕೀಬೋರ್ಡ್ ರಿದಂ ಹಾಗೆ. ಮೂರು ವಾರದ ಕೆಲಸ ಅಳಿಸಿದೆ. ಈಗ ಡ್ರಮ್ ಮುಟ್ಟುವುದೇ ಇಲ್ಲ. ಹಾಡನ್ನು ಸಾಲು ಸಾಲಾಗಿ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕತ್ತರಿಸಿ, ಎಡುಪು (ತಾಳದಲ್ಲಿ ಸಾಲು ಶುರುವಾಗುವ ಜಾಗ) ನೋಡಿಕೊಂಡು ಕೈಯಲ್ಲೇ ಇಡುತ್ತೇನೆ. ಒಂದು ಹಾಡಿಗೆ ನಲವತ್ತು ತುಂಡಾದರೂ ಆಗುತ್ತದೆ. ಕತ್ತರಿಸಿದ ಜಾಗದಲ್ಲಿ ಉಳಿಯುವ ಟೊಳ್ಳನ್ನು ಹೇಗೆ ತುಂಬುತ್ತೇನೆ ಅಂತ ಮಾತ್ರ ಕೇಳಬೇಡಿ. ಅದು ಸಾಫ್ಟ್‌ವೇರ್ ಅಲ್ಲ, ಅಷ್ಟು ಹೇಳಬಲ್ಲೆ.

ಶ್ರುತಿಗೆ ಅಕ್ಕನ ಎಲೆಕ್ಟ್ರಾನಿಕ್ ತಂಬೂರಿ ಕದ್ದೆ. ಬೀಟಲ್ಸ್‌ನವರು ಟೇಪಿನ ವೇಗ ಹೆಚ್ಚು-ಕಡಿಮೆ ಮಾಡಿ ಆಡಿದವರು. ‘ರೇನ್’ ಹಾಡಿನಲ್ಲಿ ವಾದ್ಯ ವೇಗವಾಗಿ ನುಡಿಸಿ ಆಮೇಲೆ ನಿಧಾನ ಮಾಡಿದ್ದಾರೆ. ಹಾರ್ಮೋನಿಯಂ ಮನೆಗಳಿಗೆ ಇಂಥವು ಸರಿಯಾಗಿ ಕೂರುವುದಿಲ್ಲ. ತಂಬೂರಿಯ ಸಣ್ಣ ಗುಬುಟು ತಿರುಗಿಸುತ್ತಾ, ಹಾಡಿನ ಜೊತೆ ಕರಗಿಹೋದ ಜಾಗದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದೆ. ಹನ್ನೊಂದು ಹಾಡಿನ ಗೀಟು ಆಗುವ ಹೊತ್ತಿಗೆ ಅಕ್ಕ ನೋಡಿ ಬೈದಳು. ಟ್ಯೂನರ್ ಆ್ಯಪ್ ಯಾಕೆ ಬೇಡ ಅಂತೀರಾ? ಬೇರೆ ವಾದ್ಯದ ಸದ್ದು ಸೋರಿಕೊಂಡಿದ್ದರೆ ಮುಳ್ಳು ಕುಣಿಯುತ್ತದೆ, ಕಿವಿ ಕುಣಿಯುವುದಿಲ್ಲ.

ನಡುವೆ ಒಂದು ಹುಚ್ಚು. 1966ರ ‘ಲವ್ ಯು ಟು’ನಲ್ಲಿ ಅನಿಲ್ ಭಾಗವತ್ ತಬಲಾ ಇದೆಯಲ್ಲ, ಅದರ ಜೊತೆ ಪಕ್ಕದ ಮನೆ ಹುಡುಗನ ಮೃದಂಗ ಸೇರಿಸಿದೆ. ಎರಡು ಭಾನುವಾರ, ಒಂದು ಬಾಡಿಗೆ ಮೈಕು, ಅವನಿಗೆ ಎರಡು ಬಿರಿಯಾನಿ. ಜಗಳ ಆಡಿದ ಹಾಗೆ ಕೇಳಿಸಿತು. ತೆಗೆದುಹಾಕಿದೆ. ಹುಡುಗ ಇನ್ನೂ ಕೇಳುತ್ತಿದ್ದಾನೆ, "ಅಣ್ಣಾ, ನನ್ನ ಪೀಸ್ ಯಾವುದು?" ಅಂತ.

ದುಡ್ಡು: ಬಾಕ್ಸ್ ಬಿಟ್ಟು, ಆಡಿಯೋ ಇಂಟರ್‌ಫೇಸ್ ಹನ್ನೆರಡು ಸಾವಿರ, ಹೆಡ್‌ಫೋನ್ ಒಂಬತ್ತು, ರ್‍ಯಾಮ್ ನಾಲ್ಕು. ಹಳೇ ಹಾರ್ಡ್ ಡಿಸ್ಕ್ ಸತ್ತು ನಾಲ್ಕು ಟ್ರ್ಯಾಕ್ ಹೋದ ಮೇಲೆ ಹೊಸದೆರಡು ತಗೊಂಡೆ, ಇನ್ನೊಂದು ಹನ್ನೊಂದು. ಬಾಕ್ಸೂ ಸೇರಿ ಒಟ್ಟು ಐವತ್ತು ಸಾವಿರ ದಾಟಿತು, ಅರವತ್ತು ಮುಟ್ಟಲಿಲ್ಲ. ವಾಪಸ್ ಬರುವುದು ಸೊನ್ನೆ. ಬೀಟಲ್ಸ್ ಹಾಡು ಕತ್ತರಿಸಿ ‘ಗ್ರೇ ಆಲ್ಬಂ’ ಮಾಡಿದ ಡೇಂಜರ್ ಮೌಸ್‌ಗೇ 2004ರಲ್ಲಿ ಬೀಟಲ್ಸ್ ರೆಕಾರ್ಡ್ ಕಂಪನಿ ಇಎಂಐನ ನೋಟಿಸ್ ಹೋಗಿತ್ತು, ನಾನ್ಯಾವ ಲೆಕ್ಕ. ಮನೆಯಲ್ಲೋ ಕಾರಿನಲ್ಲೋ ಕೇಳಿಸುತ್ತೇನೆ, ಕಾಪಿ ಯಾರಿಗೂ ಕೊಟ್ಟಿಲ್ಲ.

ಟೇಪ್ ಇದ್ದವರದ್ದೂ ಸಲೀಸು ಅಂದುಕೊಳ್ಳಬೇಡಿ. ‘ಟ್ಯಾಕ್ಸ್‌ಮನ್’ನಲ್ಲಿ ಗಿಟಾರ್, ಬೇಸ್, ಡ್ರಮ್ ಮೂರೂ ಒಂದೇ ಟ್ರ್ಯಾಕ್‌ನಲ್ಲಿ ಇತ್ತು. 2022ರಲ್ಲಿ ‘ರಿವಾಲ್ವರ್’ ಹೊಸ ಮಿಕ್ಸ್ ಮಾಡುವಾಗ ಗೈಲ್ಸ್ ಕೂಡ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಹಾಕಿ ಬಿಡಿಸಬೇಕಾಯಿತು. ಇದನ್ನು ಗೆಳೆಯನಿಗೆ ಕನಿಷ್ಠ ಹತ್ತು ಸಲ ಹೇಳಿದ್ದೇನೆ.

ಈಗ 1963ರ ಮೊದಲ ಎಲ್‌ಪಿ ಹಿಡಿದಿದ್ದೇನೆ. ಅಲ್ಲೂ ಎಡಕ್ಕೆ ವಾದ್ಯ, ಬಲಕ್ಕೆ ದನಿ, ಸುಲಭ ಅಂದುಕೊಂಡೆ. ಆದರೆ ಹೆಚ್ಚಿನದನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ ಹಾಡಿದ್ದಾರೆ. ‘ಟ್ವಿಸ್ಟ್ ಆ್ಯಂಡ್ ಶೌಟ್’ನಲ್ಲಿ ಲೆನನ್ ಕೂಗು ಎಡಗಡೆಗೂ ನುಗ್ಗಿದೆ. ಮೂರು ವಾರದಿಂದ ಅಲ್ಲೇ ಸಿಕ್ಕಿಕೊಂಡಿದ್ದೇನೆ.