ಹೊಲಿಗೆ ಲೈನಿನಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವಂತಾಗಿದ್ದು: ನನ್ನ ಅನುಭವ

ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಹೆಣ್ಣುಮಕ್ಕಳು ಬಾಯಿಬಿಡಲಿ ಎಂದು ನಮ್ಮ ಗಾರ್ಮೆಂಟ್ಸ್‌ನ ದೂರು ಸಮಿತಿ ಏನೇನು ಮಾಡಿತು ಎಂಬುದು ಈ ಬರಹ. ದೂರು ಪೆಟ್ಟಿಗೆಯಿಂದಲೇ ಶುರು ಮಾಡುತ್ತೇನೆ. ಗಾರ್ಮೆಂಟ್ಸ್‌ನವರು ಬಹಳಷ್ಟು ಮಂದಿ ಅದನ್ನೇ ನಂಬಿ ಕೂತಿರುತ್ತಾರೆ. ಬೆಂಗಳೂರಿನ ನಮ್ಮ ಯೂನಿಟ್‌ನಲ್ಲಿ ಸುಮಾರು 900 ಜನ, ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಪೆಟ್ಟಿಗೆ ಎರಡು ವರ್ಷ ನೇತಾಡಿತು. ಬಂದದ್ದು ಇಪ್ಪತ್ತು ಚೀಟಿ ಇರಬಹುದು, ಎಲ್ಲವೂ ಕ್ಯಾಂಟೀನ್ ಸಾಂಬಾರು, ಟಾಯ್ಲೆಟ್ ನೀರಿನ ಬಗ್ಗೆ. ಆಡಿಟ್‌ಗೆ ಬಂದ ಬಯರ್ (ನಮ್ಮ ಬಟ್ಟೆ ಕೊಳ್ಳುವ ಕಂಪನಿ) ಕಡೆಯವರು ‘ದೂರು ಸೊನ್ನೆ’ ಎಂದು ಬರೆದುಕೊಂಡು ಹೋಗುತ್ತಿದ್ದರು. ಪೆಟ್ಟಿಗೆ ಇದ್ದದ್ದು ಪಂಚಿಂಗ್ ಮಷೀನ್ ಪಕ್ಕ, ನೆತ್ತಿಯ ಮೇಲೆ ಕ್ಯಾಮೆರಾ, ಬೀಗದ ಕೈ ಎಚ್‌ಆರ್ ಮೇಜಿನಲ್ಲಿ. ಚೀಟಿ ಹಾಕಿದವಳು ಯಾರೆಂದು ಸಂಜೆಯೊಳಗೆ ಇಡೀ ಫ್ಲೋರ್‌ಗೆ ಗೊತ್ತಾಗುತ್ತಿತ್ತು.

ಎರಡನೆಯ ಸೋಲು ತರಬೇತಿ. ಹೊರಗಿನವರಿಗೆ ದಿನಕ್ಕೆ 18,000 ಕೊಟ್ಟು ಕರೆಸಿದೆವು. ಸ್ಲೈಡ್ ಇಂಗ್ಲಿಷಿನಲ್ಲಿ, ಸಮಯ ಊಟದ ನಂತರ. ‘ಲೈಂಗಿಕ ಕಿರುಕುಳ’ ಎಂದು ದಪ್ಪಕ್ಷರದಲ್ಲಿ ಬರೆದ ಫ್ಲೆಕ್ಸ್ ಮುಂದೆ ಯಾವ ಹೆಣ್ಣುಮಗಳೂ ನಿಂತು ಓದಲಿಲ್ಲ; ನಿಂತರೆ ‘ಇವಳಿಗೇನೋ ಆಗಿದೆ’ ಅನ್ನುತ್ತಾರೆ. ಅದರ ಕೆಳಗೆ ‘ಸುಳ್ಳು ದೂರು ಕೊಟ್ಟರೆ ಕ್ರಮ’ ಎಂಬ ಸಾಲು ಬೇರೆ. ಆ ಒಂದು ಸಾಲು ಮಾಡಿದ ಹಾನಿ ದೊಡ್ಡದು. ಸಾಬೀತು ಮಾಡಲು ಆಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯೇ ಹೇಳುತ್ತದೆ. ಆ ಮಾತನ್ನು ಯಾರೂ ಬೋರ್ಡಿಗೆ ಹಾಕುವುದಿಲ್ಲ. ನಾವು ಹಾಕಿದೆವು.

ಕೆಲಸ ಹಿಡಿದದ್ದು ಪ್ರಶ್ನೆ ಬದಲಾದ ಮೇಲೆ. ‘ಏನಾದ್ರೂ ತೊಂದ್ರೆ ಇದ್ಯಾಮ್ಮ?’ ಎಂದರೆ ಉತ್ತರ ಒಂದೇ: ‘ಏನಿಲ್ಲ ಮೇಡಂ.’ ಅದರ ಬದಲು, ತಪ್ಪು ಹೊಲಿಗೆ ಸರಿಮಾಡಲು ಮರಳಿ ಬರುವ ಬಟ್ಟೆಯ ಬಗ್ಗೆ ‘ಆಲ್ಟರೇಷನ್ ಪೀಸ್ ವಾಪಸ್ ಕೊಡುವಾಗ ಕೈಗೆ ಕೊಡ್ತಾರಾ, ಎಸೀತಾರಾ? ಆಗ ಏನಂತಾರೆ?’ ಎಂದು ಕೇಳಿ. ಮೊದಲು ಎಸೆಯುವ ಮಾತು ಬರುತ್ತದೆ, ಆಮೇಲೆ ಬೈಗುಳ, ಅದರ ಹಿಂದೆ ಡಬಲ್ ಮೀನಿಂಗ್ ಮಾತು, ಕೊನೆಗೆ ‘ಹೊಲಿಗೆ ತೋರಿಸೋ ನೆಪದಲ್ಲಿ ಹಿಂದಿನಿಂದ ಮೈಮೇಲೆ ಬೀಳ್ತಾರೆ’. ಈ ಕೊನೆಯ ಮಾತಿಗೆ ಬರಲು ಮೂರು ನಾಲ್ಕು ಭೇಟಿ ಬೇಕು, ಅವಸರ ಮಾಡಿದರೆ ಕೆಡುತ್ತದೆ.

ಲೈನಿಗೆ ಇಬ್ಬರು ಪ್ರತಿನಿಧಿಗಳು, ಹೆಣ್ಣುಮಕ್ಕಳೇ ಚೀಟಿ ಹಾಕಿ ಆರಿಸಿದವರು. ಒಬ್ಬಳು ಹಳೆಯ ಟೈಲರ್, ಇನ್ನೊಬ್ಬಳು ಕಡ್ಡಾಯವಾಗಿ ಹೆಲ್ಪರ್. ಟೈಲರ್ ಕೂತಲ್ಲೇ ಕೂತಿರುತ್ತಾಳೆ. ಬಂಡಲ್ ಹೊತ್ತು ಓಡಾಡುವ ಹೆಲ್ಪರ್ ಕಿವಿಗೆ ಎಲ್ಲವೂ ಬೀಳುತ್ತದೆ. ಪೀಸ್ ಲೆಕ್ಕ ಬರೆಯುವ ಪ್ರೊಡಕ್ಷನ್ ರೈಟರ್ ಬೇಡ, ಸೂಪರ್‌ವೈಸರ್ ಊರಿನವರು, ನೆಂಟರು ಬೇಡವೇ ಬೇಡ. ಕೇಳಿದ ಮಾತನ್ನು ಹೆಸರಿಲ್ಲದೆ ಪುಸ್ತಕದಲ್ಲಿ ಬರೆದು, ಯಾರ ಮಾತೆಂದು ನಮಗಷ್ಟೇ ತಿಳಿಯುವಂತೆ ಗುರುತು ಹಾಕುವ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಸೂಪರ್‌ವೈಸರುಗಳೂ ಓದುತ್ತಾರೆ.

ಮಾತು ಬಂದ ಎರಡು ದಿನದೊಳಗೆ ಏನಾದರೂ ಒಂದು ಕಣ್ಣಿಗೆ ಕಾಣಬೇಕು. ಹೆಸರು ಹೇಳಲು ಒಪ್ಪದಿದ್ದರೂ ಮಾಡಬಹುದಾದ್ದು ಇದೆ. ಹಿಂದಿನಿಂದ ಬಾಗುವ ಮಾತು ಬಂದಾಗ ಯಾವ ಲೈನ್ ಎಂದು ಹೇಳದೆ ಎಲ್ಲ ಲೈನಿಗೂ ಒಂದೇ ನಿಯಮ ತಂದೆವು: ಪೀಸ್ ತೋರಿಸುವವರು ಮಷೀನಿನ ಎದುರು ನಿಲ್ಲಬೇಕು, ಬೆನ್ನ ಹಿಂದೆ ಅಲ್ಲ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಹಳದಿ ಟೇಪ್. ಟೇಪಿನ ಖರ್ಚು ಎರಡು ಸಾವಿರವೂ ಆಗಲಿಲ್ಲ. ಮಾರನೆಯ ವಾರವೇ ಬರುವ ಮಾತು ದುಪ್ಪಟ್ಟಾಯಿತು.

ಬರಹದ ದೂರಿನ ಹಂತಕ್ಕೆ ಬಂದಾಗ ಎಡವುವುದು ದಿನಾಂಕದಲ್ಲಿ. ಘಟನೆಯಾದ ಮೂರು ತಿಂಗಳೊಳಗೆ ದೂರು ಬರಬೇಕು, ತಕ್ಕ ಕಾರಣ ಇದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನು ಮೂರು ತಿಂಗಳು ಕೊಡಬಹುದು. ಆದರೆ ತಾರೀಖು ನೆನಪಿರುವುದು ಯಾರಿಗೆ? ‘ಆಗ ಯಾವ ಸ್ಟೈಲ್ ಓಡ್ತಿತ್ತು? ಸಂಬಳಕ್ಕೆ ಮುಂಚೆಯೋ ಆಮೇಲೋ?’ ಎಂದು ಕೇಳಿ. ನೀಲಿ ಚೆಕ್ಸ್ ಶರ್ಟ್, ಕಫ್ ಹಾಕುವಾಗ ಎಂದರೆ ಸಾಕು. ಪ್ರೊಡಕ್ಷನ್ ರಿಜಿಸ್ಟರ್ ತೆಗೆದರೆ ಎರಡು ದಿನದ ಅಂತರದಲ್ಲಿ ತಾರೀಖು ಸಿಗುತ್ತದೆ. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ಅವಳಾಡಿದ ಮಾತಿನಲ್ಲೇ ಬರೆಯಬೇಕು. ‘ಅಸಭ್ಯವಾಗಿ ವರ್ತಿಸಿದರು’ ಎಂದು ಬರೆದ ನಮ್ಮ ಮೊದಲ ದೂರು ವಿಚಾರಣೆಯಲ್ಲಿ ನಿಲ್ಲಲಿಲ್ಲ, ಏನು ಮಾಡಿದ ಎಂಬುದೇ ಅದರಲ್ಲಿ ಇರಲಿಲ್ಲ. ಕೈ ಎಲ್ಲಿಟ್ಟ, ಯಾವ ಮಾತಾಡಿದ ಎಂದು ಇದ್ದ ಹಾಗೆ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು. ಆರು ಪ್ರತಿ.

ಅದೇ ದಿನ ಕ್ಯಾಮೆರಾ ರೆಕಾರ್ಡಿಂಗ್ ಪೆನ್‌ಡ್ರೈವ್‌ಗೆ ಇಳಿಸಿ. ನಮ್ಮಲ್ಲಿ ಸುಮಾರು 20 ದಿನಕ್ಕೆ ಹಳೆಯದು ಅಳಿಸಿಹೋಗುತ್ತಿತ್ತು, ಹಾಗೆ ಒಂದು ಒಳ್ಳೆಯ ಸಾಕ್ಷಿ ಕಳೆದುಕೊಂಡೆವು. ಸಾಕ್ಷಿಗಳನ್ನು ಇಬ್ಬರನ್ನಷ್ಟೇ ಕರೆದರೆ ಯಾರು ಹೇಳಿದ್ದೆಂದು ತಿಳಿದುಬಿಡುತ್ತದೆ. ಪಕ್ಕದ ಲೈನಿನವರೂ ಸೇರಿ ಏಳೆಂಟು ಜನರನ್ನು ಕರೆಯಿರಿ, ಪ್ರತಿಯೊಬ್ಬರಿಗೂ ಅಷ್ಟೇ ಹೊತ್ತು. ಕೋಣೆ ಎಚ್‌ಆರ್‌ನ ಗಾಜಿನ ಕ್ಯಾಬಿನ್ ಆಗಬಾರದು. ಮಕ್ಕಳನ್ನು ಬಿಡುವ ಕ್ರೆಶ್ ಪಕ್ಕದ್ದು ಒಳ್ಳೆಯದು, ಅಲ್ಲಿಗೆ ತಾಯಂದಿರು ಹೇಗೂ ಹೋಗಿಬರುತ್ತಿರುತ್ತಾರೆ. ಒಡಿಶಾ, ಜಾರ್ಖಂಡ್ ಹುಡುಗಿಯರಿಗೆ ಹಾಸ್ಟೆಲ್ ವಾರ್ಡನ್‌ರಿಂದ ಅನುವಾದ ಮಾಡಿಸಬೇಡಿ. ಅವರ ಅರ್ಧ ದೂರು ಹಾಸ್ಟೆಲ್ ಮೇಲೆಯೇ ಇರುತ್ತದೆ.

ಇನ್ನು ಸೇಡು. ಬೇರೆಡೆ ಸಮಿತಿಗಳು ಸೋಲುವುದು ಇಲ್ಲೇ ಎಂದು ನನ್ನ ಖಚಿತ ಅಭಿಪ್ರಾಯ. ದೂರು ಕೊಟ್ಟವಳನ್ನು ಯಾರೂ ನೇರವಾಗಿ ಕೆಲಸದಿಂದ ತೆಗೆಯುವುದಿಲ್ಲ, ಆಪರೇಷನ್, ಅಂದರೆ ಅವಳು ಹೊಲಿಯುವ ಭಾಗ, ಬದಲಾಯಿಸುತ್ತಾರೆ. ಕಾಲರ್‌ನಲ್ಲಿ ಗಂಟೆಗೆ 50 ಪೀಸ್ ತೆಗೆಯುತ್ತಿದ್ದವಳು ಹೊಸ ಆಪರೇಷನ್‌ಗೆ ಹೋದರೆ ಮೊದಲ ವಾರ 30 ದಾಟುವುದಿಲ್ಲ. ಇನ್ಸೆಂಟಿವ್ ಹೋಯಿತು, ದಿನವೂ ಬೈಸಿಕೊಳ್ಳಲು ಕಾರಣವೂ ಸಿಕ್ಕಿತು, ಎರಡು ತಿಂಗಳಲ್ಲಿ ಅವಳೇ ಬಿಟ್ಟುಹೋಗುತ್ತಾಳೆ. ಅದಕ್ಕೆ ನಮ್ಮಲ್ಲಿ ಒಂದು ಕಾರ್ಡ್ ಇದೆ, ಆರು ಕಲಂ: ಆಪರೇಷನ್, ಗಂಟೆಯ ಟಾರ್ಗೆಟ್, ಆಲ್ಟರೇಷನ್ ಎಣಿಕೆ, ಓವರ್‌ಟೈಮ್, ರಜೆ, ಗೇಟ್‌ಪಾಸ್. ದೂರಿಗೆ ಮುಂಚಿನ ನಾಲ್ಕು ವಾರ, ಆಮೇಲಿನ ಹನ್ನೆರಡು ವಾರ. ಪ್ರತಿ ಶನಿವಾರ ಹತ್ತು ನಿಮಿಷ ತುಂಬಿದರೆ ಸಾಕು, ಏರುಪೇರು ತಾನಾಗಿ ಕಾಣುತ್ತದೆ. ಸಾಕ್ಷಿ ಹೇಳಿದವರಿಗೂ ಇದೇ ಕಾರ್ಡ್. ವಿಚಾರಣೆ ನಡೆಯುವಾಗ ಯಾರನ್ನಾದರೂ ಲೈನ್ ಬದಲಾಯಿಸಬೇಕಾದರೆ ಸೂಪರ್‌ವೈಸರನ್ನು ಬದಲಾಯಿಸಿ; ದೂರುದಾರಳ ಲಿಖಿತ ಕೋರಿಕೆ ಇದ್ದರೆ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ.

‘ಲೈನ್ ಕೆಡಿಸೋ ಕೆಲಸ ಇದು’ ಎಂದಿದ್ದ ಪ್ರೊಡಕ್ಷನ್ ಮ್ಯಾನೇಜರ್ ಬದಲಾದದ್ದು ಲೆಕ್ಕ ನೋಡಿ. ಕೆಲಸ ಬಿಟ್ಟವರನ್ನು ಲೈನ್‌ವಾರು ಎಣಿಸಿದೆವು. ಬೇರೆ ಲೈನಿನಲ್ಲಿ ತಿಂಗಳಿಗೆ ಇಬ್ಬರು ಮೂವರು ಬಿಟ್ಟರೆ ಒಂದು ಲೈನಿನಲ್ಲಿ ಏಳೆಂಟು. ಹೊಸ ಟೈಲರ್ ಹುಡುಕಿ, ಕೈ ಕೂರುವವರೆಗೆ ಕಾಯುವುದಕ್ಕೆ ತಲೆಗೆ ಎಂಟು ಹತ್ತು ಸಾವಿರ ಎಂದು ಅವರದೇ ಅಂದಾಜು. ನಮ್ಮ ಖರ್ಚು ಇಡೀ ತಿಂಗಳಿಗೆ 12,000 ಮೀರಿಲ್ಲ. ಅದರಲ್ಲಿ ಹೆಚ್ಚಿನದು ಪ್ರತಿನಿಧಿಗಳು ಸಭೆಗೆ ಬಂದಾಗ ಅವರ ಮಷೀನಿಗೆ ಕೂರಿಸುವ ಎಕ್ಸ್‌ಟ್ರಾ ಟೈಲರುಗಳದು. ಅಷ್ಟೂ ಮಾಡದಿದ್ದರೆ ಮುಂದಿನ ಮಷೀನುಗಳು ಖಾಲಿ ಕೂರುತ್ತವೆ, ಬೈಗುಳ ಪ್ರತಿನಿಧಿಗೇ. ಸಮಿತಿಯಲ್ಲಿರುವ, ಕಂಪನಿಗೆ ಹೊರಗಿನ ಸದಸ್ಯರಿಗೆ ನಿಯಮದಲ್ಲಿರುವುದು ದಿನಕ್ಕೆ 200 ರೂಪಾಯಿ ಭತ್ಯೆ, ಜೊತೆಗೆ ಪ್ರಯಾಣ ಖರ್ಚು. 200ಕ್ಕೆ ಅರ್ಧ ದಿನ ಬಿಟ್ಟು ಯಾರು ಬರುತ್ತಾರೆ? ನಾವು 2,500 ಕೊಡುತ್ತೇವೆ.

ನಡುವೆ ಮಾಡಿ ನೋಡಿದ ಇನ್ನೆರಡು. ವಾಟ್ಸಾಪ್ ನಂಬರ್ ಕೊಟ್ಟೆವು. ಮನೆಯಲ್ಲಿ ಫೋನ್ ಗಂಡನ ಕೈಯಲ್ಲಿರುತ್ತದೆ, ಮೆಸೇಜ್ ಬರಲೇ ಇಲ್ಲ. ಮಿಸ್ಡ್ ಕಾಲ್ ಸ್ವಲ್ಪ ನಡೆಯಿತು: ಕಾಲ್ ಬಂದರೆ ನಾವು ತಿರುಗಿ ಮಾಡುವುದಿಲ್ಲ, ಮಾರನೆಯ ದಿನ ಫ್ಲೋರ್‌ನಲ್ಲಿ ಬೇರೆ ನೆಪದಲ್ಲಿ ಮಾತಾಡಿಸುತ್ತೇವೆ. ಗಂಡಸರಿಗೆ ಈ ಕಾಯ್ದೆಯಡಿ ದೂರು ಕೊಡುವ ದಾರಿ ಇಲ್ಲ. ಕಟಿಂಗ್‌ನ ಹುಡುಗರ ಮಾತನ್ನು ಕುಂದುಕೊರತೆ ಸಮಿತಿಗೆ ತರುತ್ತೇವೆ, ಅದೇ ಕಾರ್ಡ್ ಅಲ್ಲೂ ನಡೆಯುತ್ತದೆ.

ಈಗ ತಿಂಗಳಿಗೆ ಹದಿನೈದಿಪ್ಪತ್ತು ಮಾತು ಬರುತ್ತವೆ, ವರ್ಷಕ್ಕೆ ನಾಲ್ಕೈದು ಬರಹದ ದೂರಾಗುತ್ತವೆ. ಕಾಯ್ದೆ 90 ದಿನ ಕೊಡುವ ವಿಚಾರಣೆಯನ್ನು ನಾವು ಸರಾಸರಿ 40ರಲ್ಲಿ ಮುಗಿಸಿದ್ದೇವೆ, ಈ ಬಗ್ಗೆ ನನಗೆ ಹೆಮ್ಮೆ ಇದೆ. ಏಳೆಂಟು ಜನ ಬಿಡುತ್ತಿದ್ದ ಲೈನಿನಲ್ಲಿ ಕಳೆದ ಮೂರು ತಿಂಗಳಲ್ಲಿ ಬಿಟ್ಟವರು ಒಟ್ಟು ನಾಲ್ಕು.

ಹೌಸ್‌ಕೀಪಿಂಗ್‌ನ ಗುತ್ತಿಗೆ ಹೆಂಗಸರು ಇನ್ನೂ ಈ ಕಾರ್ಡಿನೊಳಗೆ ಬಂದಿಲ್ಲ. ಕಾಯ್ದೆ ಅವರಿಗೂ ಅನ್ವಯಿಸುತ್ತದೆ, ಆದರೆ ಹಾಜರಿ ಪುಸ್ತಕ ಗುತ್ತಿಗೆದಾರನ ಬಳಿ. ಬರುವ ತಿಂಗಳಿಂದ ಬೆಳಿಗ್ಗೆ ಆರೂವರೆಗೆ, ಲೈನ್ ಶುರುವಾಗುವ ಮೊದಲು ಅವರು ಕಸ ಗುಡಿಸುವ ಹೊತ್ತಿಗೇ ಪುಸ್ತಕ ಹಿಡಿದು ಹೋಗುತ್ತೇವೆ.